ಆಸ್ಟ್ರೇಲಿಯದ ವೈಜ್ಞಾನಿಕ ಕಥಾಸಂಕಲನಗಳು

ಕಳೆದ ವರ್ಷ ಕಾಮನ್‌ವೆಲ್ತ್ ರಾಷ್ಟ್ರಗಳ ಸಾಹಿತ್ಯವನ್ನು ಕುರಿತು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸಾರ್, ಆಸ್ಟ್ರೇಲಿಯದವರಿಗೆ ಕ್ರಿಕೆಟ್ಟಲ್ಲದೆ ಸಾಹಿತ್ಯವೂ ಉಂಟೇ?” ಎಂದು ಕೇಳಿದನು. ತರಗತಿ ನಕ್ಕಿತು, ನಾನೂ ನಕ್ಕೆ. ಎರಡು ಮೂರು ಕಾದಂಬರಿಗಳ ಹೆಸರು ಹೇಳಿ ಅಂದಿನ ಪಾಠ ಮುಗಿಸಿದೆನಾದರೂ ಆ ಉತ್ತರ ನನಗೇ ತೃಪ್ತಿಯನ್ನು ಕೊಡಲಿಲ್ಲ. ಆಮೇಲೆ ಹುಡುಕಿ ಓದಿದೆ. ನನ್ನನ್ನು ಹಿಡಿದು ನಿಲ್ಲಿಸಿದುವು ಆ ದೇಶದ ಹೆಸರಾಂತ ಕಾದಂಬರಿಗಳಲ್ಲ, ವೈಜ್ಞಾನಿಕ ಸಣ್ಣಕಥೆಗಳ ಸಂಕಲನಗಳು.

ಸಂಕಲನವೆಂದರೆ ಸಾಮಾನ್ಯವಾಗಿ ನಮಗೆ ಅಷ್ಟು ಗೌರವವಿಲ್ಲ. ಬೇರೆಯವರ ತೋಟದ ಹೂಗಳನ್ನು ಕಿತ್ತು ಕಟ್ಟಿದ ಮಾಲೆಯೆಂದೇ ಭಾವನೆ. ಆಸ್ಟ್ರೇಲಿಯದ ಮಾತು ಬೇರೆ. ಅಲ್ಲಿ ಇಂಥ ಕಥೆಗಳಿಗೆ ಬಹುಕಾಲ ತೋಟವೇ ಇರಲಿಲ್ಲ. 1940ರಲ್ಲಿ, ಯುದ್ಧಕಾಲದಲ್ಲಿ, ಡಾಲರನ್ನು ಉಳಿಸಬೇಕೆಂದು ಅಮೆರಿಕದ ಅಗ್ಗದ ಕಥಾಪತ್ರಿಕೆಗಳ ಆಮದನ್ನು ಅಲ್ಲಿನ ಸರ್ಕಾರ ತಡೆಯಿತು. ಈ ನಿರ್ಬಂಧ 1950ರ ದಶಕದ ಕೊನೆಯವರೆಗೂ ಒಂದಲ್ಲ ಒಂದು ರೂಪದಲ್ಲಿ ಉಳಿಯಿತು. ಬೇಲಿ ಹಾಕಿದ ಮೇಲೆ ಒಳಗಿನ ಬೆಳೆ ಹುಲುಸಾಗಬೇಕಷ್ಟೆ? ಸಿಡ್ನಿಯಲ್ಲಿ 1950ರಿಂದ 1952ರವರೆಗೆ ‘ಥ್ರಿಲ್ಸ್ ಇನ್‌ಕಾರ್ಪೊರೇಟೆಡ್’ ಎಂಬ ಪತ್ರಿಕೆ ಹೊರಟಿತು. ಅದರಲ್ಲಿ ಕೆಲವರು ಅಮೆರಿಕದ ಕಥೆಗಳನ್ನೇ ಕದ್ದು ಹೆಸರು ಬದಲಿಸಿ ಅಚ್ಚುಹಾಕಿಸಿದ್ದು ಬಯಲಾಯಿತು! ಕೈಯಲ್ಲಿ ಕಸುವಿದ್ದ ಲೇಖಕರು ತಮ್ಮ ಕಥೆಗಳನ್ನು ಲಂಡನ್ನಿಗೋ ನ್ಯೂಯಾರ್ಕಿಗೋ ಕಳುಹಿಸುತ್ತಿದ್ದರು. ಅಲ್ಲಿನ ಪತ್ರಿಕೆಯಲ್ಲಿ ಅವು ಅಚ್ಚಾದಾಗ ಬರೆದವನು ಪಕ್ಕದ ಬೀದಿಯವನೆಂಬುದು ಮೆಲ್ಬರ್ನಿನ ಓದುಗನಿಗೆ ತಿಳಿಯುವ ಬಗೆಯೇನು?

ಹೀಗೆ ಹೊರಗೆ ದುಡಿಯಹೋದ ಮಕ್ಕಳನ್ನು ಮನೆಗೆ ಕರೆತಂದ ಮೊದಲ ಮುಖ್ಯ ಪ್ರಯತ್ನವೆಂದರೆ ಜಾನ್ ಬ್ಯಾಕ್ಸ್‌ಟರ್ ಅವರು 1968ರಲ್ಲಿ ಸಂಪಾದಿಸಿದ ‘ದಿ ಪೆಸಿಫಿಕ್ ಬುಕ್ ಆಫ್ ಆಸ್ಟ್ರೇಲಿಯನ್ ಎಸ್‌ಎಫ್’. 1971ರಲ್ಲಿ ಅದರ ಎರಡನೆಯ ಸಂಪುಟ ಬಂದಿತು. ಎಲ್ಲ ಕಥೆಗಳೂ ಉತ್ತಮವೆಂದು ನಾನು ಹೇಳಲಾರೆ. ಆದರೂ ಲೀ ಹಾರ್ಡಿಂಗ್, ಡೇಮಿಯನ್ ಬ್ರಾಡೆರಿಕ್ ಮೊದಲಾದವರ ಹೆಸರುಗಳು ಒಂದೇ ರಟ್ಟಿನೊಳಗೆ ಸಾಲಾಗಿ ನಿಂತುದನ್ನು ಕಂಡಾಗ, ಇಂಥದೊಂದು ಬಳಗ ಉಂಟೆಂಬುದು ಅವರಿಗೂ ಓದುಗರಿಗೂ ಅರಿವಾಯಿತು.

1975ರ ಆಗಸ್ಟಿನಲ್ಲಿ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ಮೊದಲ ಬಾರಿಗೆ ಆಸ್ಟ್ರೇಲಿಯಕ್ಕೆ, ಮೆಲ್ಬರ್ನಿಗೆ, ಬಂದಿತು. ಗೌರವ ಅತಿಥಿ ಅಮೆರಿಕದ ಅರ್ಸುಲಾ ಲೆ ಗ್ವಿನ್. ಆಕೆ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಹೊರಟುಹೋಗಲಿಲ್ಲ; ಹೊಸ ಲೇಖಕರನ್ನು ಕೂಡಿಸಿಕೊಂಡು ಒಂದು ಕಮ್ಮಟವನ್ನೇ ನಡೆಸಿದರು. ಅಲ್ಲಿ ಬರೆದ ಕಥೆಗಳೂ ಅವುಗಳ ಮೇಲಣ ಚರ್ಚೆಗಳೂ 1976ರಲ್ಲಿ ಹಾರ್ಡಿಂಗ್ ಅವರ ಸಂಪಾದಕತ್ವದಲ್ಲಿ ‘ದಿ ಆಲ್ಟರ್ಡ್ ಐ’ ಎಂಬ ಪುಸ್ತಕವಾದುವು. ಪ್ರಕಟಿಸಿದವರು ‘ನಾರ್‌ಸ್ಟ್ರೀಲಿಯ ಪ್ರೆಸ್’ ಎಂಬ ಹೆಸರಿನಲ್ಲಿ ಕೂಡಿದ ಕೆಲವು ಕಥಾಭಿಮಾನಿಗಳು. ಕಥೆ ಬರೆಯುವ ಚಪಲವುಳ್ಳ ನಮ್ಮ ವಿದ್ಯಾರ್ಥಿಗಳು ಇಂಥ ಪುಸ್ತಕವನ್ನು ಒಮ್ಮೆ ನೋಡಬೇಕು. ಸಿದ್ಧವಾದ ಅಡಿಗೆಯನ್ನು ಬಡಿಸುವವರು ಬಹಳ ಮಂದಿ; ಒಲೆಯ ಮುಂದೆ ಕೂರಿಸಿ ಹೊಗೆಯನ್ನೂ ತೋರಿಸುವವರು ವಿರಳ.

ಸಂಕಲನವು ಏನು ಮಾಡಬಲ್ಲುದೆಂಬುದಕ್ಕೆ ಜಾರ್ಜ್ ಟರ್ನರ್ ಅವರಿಗಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ. 1916ರಲ್ಲಿ ಹುಟ್ಟಿದ ಇವರು ಮೊದಲು ಬರೆದುದು ಸಾಮಾಜಿಕ ಕಾದಂಬರಿಗಳನ್ನು; ಆ ದೇಶದ ಹಿರಿಯ ಪ್ರಶಸ್ತಿಯಾದ ಮೈಲ್ಸ್ ಫ್ರಾಂಕ್ಲಿನ್ ಬಹುಮಾನವನ್ನು 1962ರ ಸಾಲಿಗೆ ಇನ್ನೊಬ್ಬರೊಡನೆ ಹಂಚಿಕೊಂಡವರು. ಮೊದಲ ವೈಜ್ಞಾನಿಕ ಕಾದಂಬರಿ ಹೊರಬಂದಾಗ ವಯಸ್ಸು ಅರವತ್ತು ದಾಟಿತ್ತು. 1985ರಲ್ಲಿ ಡೇವಿಡ್ ಕಿಂಗ್ ಮತ್ತು ರಸೆಲ್ ಬ್ಲ್ಯಾಕ್‌ಫರ್ಡ್ ಅವರು ‘ಅರ್ಬನ್ ಫ್ಯಾಂಟಸೀಸ್’ ಎಂಬ ಸಂಕಲನವನ್ನು ತಂದರು. ಅದಕ್ಕೆ ಟರ್ನರ್ ‘ದಿ ಫಿಟೆಸ್ಟ್’ ಎಂಬ ಕಥೆಯನ್ನು ಕೊಟ್ಟರು. ಅದೇ ಕಥೆ ಬೆಳೆದು 1987ರಲ್ಲಿ ‘ದಿ ಸೀ ಅಂಡ್ ಸಮ್ಮರ್’ ಎಂಬ ಕಾದಂಬರಿಯಾಯಿತು. 1988ರಲ್ಲಿ ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯನ್ನು ಪಡೆಯಿತು. ಭೂಮಿ ಕಾದು, ಸಮುದ್ರವುಕ್ಕಿ, ಮೆಲ್ಬರ್ನಿನ ತಗ್ಗು ಪ್ರದೇಶಗಳು ಮುಳುಗುತ್ತಿವೆ. ಕೆಲಸವಿಲ್ಲದ ಬಹುಜನರನ್ನು ಮುಗಿಲೆತ್ತರದ ಕಟ್ಟಡಗಳಲ್ಲಿ ತುಂಬಿದ್ದಾರೆ. ಕೆಲಸವುಳ್ಳ ಕೆಲವರು ದೂರದಲ್ಲಿ ಬೆಚ್ಚಗಿದ್ದಾರೆ, ತಾವೂ ಎಂದು ಅಲ್ಲಿಗೆ ಜಾರಿಬೀಳುವೆವೋ ಎಂಬ ಅಂಜಿಕೆಯಲ್ಲಿ. ಹವೆಯ ಬದಲಾವಣೆ ಇನ್ನೂ ದಿನಪತ್ರಿಕೆಯ ಮೊದಲ ಪುಟಕ್ಕೆ ಬಾರದಿದ್ದ ಕಾಲದಲ್ಲಿ ಬರೆದುದಿದು! ಹೆಸರಿಲ್ಲದ ಸಣ್ಣ ಸಂಕಲನವೊಂದು ಆ ಬೀಜಕ್ಕೆ ಪಾತಿಯಾಯಿತು.

ಟರ್ನರ್ 1997ರಲ್ಲಿ ತೀರಿಕೊಂಡರು. ಅವರು ಮುಗಿಸಲಾಗದೆ ಬಿಟ್ಟ ಕಥೆಯೊಂದು, ಮರುವರ್ಷ ಜ್ಯಾಕ್ ಡ್ಯಾನ್ ಮತ್ತು ಜನೀನ್ ವೆಬ್ ದಂಪತಿಗಳು ಹೊರತಂದ ‘ಡ್ರೀಮಿಂಗ್ ಡೌನ್ ಅಂಡರ್’ ಎಂಬ ದಪ್ಪ ಸಂಕಲನದಲ್ಲಿ ಅಚ್ಚಾಗಿದೆ. ಈ ಗ್ರಂಥಕ್ಕೆ 1999ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂದಿತು. ಮಹಿಳೆಯರ ಕಥೆಗಳಿಗೇ ಮೀಸಲಾದ ‘ಷೀಸ್ ಫ್ಯಾಂಟಾಸ್ಟಿಕಲ್’ 1995ರಲ್ಲಿಯೇ ಬಂದಿತ್ತು. ಬೇರೆ ಸಂಕಲನಗಳೂ ಹಲವಿವೆ. ಪಟ್ಟಿಯಿಂದ ವಾಚಕರನ್ನು ದಣಿಸಲಾರೆ.

ಇಷ್ಟು ಓದಿದ ಮೇಲೆ ನನ್ನಲ್ಲೊಂದು ಮುಳ್ಳು ಉಳಿಯಿತು. ಈ ಕಥೆಗಳು ನಿಂತಿರುವ ನೆಲ ಯಾರದು? ಎ. ಬರ್ಟ್ರಮ್ ಚಾಂಡ್ಲರ್ ಎಂಬ ಹಡಗಿನ ಕಪ್ತಾನರು 1956ರಲ್ಲಿ ಇಂಗ್ಲೆಂಡಿನಿಂದ ಬಂದು ಆಸ್ಟ್ರೇಲಿಯದಲ್ಲಿ ನೆಲಸಿದವರು. ಅವರ ಒಂದು ಕಥೆಯಲ್ಲಿ, ಉಲುರು ಬಂಡೆಯನ್ನು ಹೋಲುವ ಪರಗ್ರಹದ ಬೆಟ್ಟವೊಂದು ನಿಜವಾಗಿ ಆಕಾಶನೌಕೆಯಾಗಿರುತ್ತದೆ. ಫ್ರಾಂಕ್ ಬ್ರೈನಿಂಗ್ ಅವರ ಇನ್ನೊಂದು ಕಥೆಯಲ್ಲಿ ಮೂಲನಿವಾಸಿಯ ಈಟಿಗೂ ವೂಮೆರಾದ ರಾಕೆಟ್ಟಿಗೂ ಮುಖಾಮುಖಿ. ವೂಮೆರಾ ಎಂಬ ಹೆಸರೇ ಮೂಲನಿವಾಸಿಗಳ ಮಾತು. ಈಟಿಯನ್ನು ದೂರ ಚಿಮ್ಮಿಸುವ ಕೋಲಿಗೆ ಹಾಗೆನ್ನುತ್ತಾರೆ. ಕಥೆಗಳೇನೋ ಚೆನ್ನಾಗಿವೆ. ಆದರೆ ಎರಡರಲ್ಲಿಯೂ ಮೂಲನಿವಾಸಿಯನ್ನು ನೋಡುತ್ತಿರುವವರು ಬಿಳಿಯರು. ಅವನು ನೋಡುತ್ತಿರುವುದು ನಮಗೆ ಕಾಣುವುದಿಲ್ಲ. ವ್ಯಾನ್ ಇಕಿನ್ ಅವರು ಹತ್ತೊಂಬತ್ತನೆಯ ಶತಮಾನದಿಂದ ಮೊದಲುಗೊಂಡು ಬರೆಹಗಳನ್ನು ಆಯ್ದು 1982ರಲ್ಲಿ ‘ಆಸ್ಟ್ರೇಲಿಯನ್ ಸೈನ್ಸ್ ಫಿಕ್ಷನ್’ ಎಂಬ ಬಹು ಉಪಯುಕ್ತ ಗ್ರಂಥವನ್ನು ಕೊಟ್ಟರು. ಆ ಹಳೆಯ ಕಾಲದ ಬಿಳಿಯ ಲೇಖಕರಿಗೆ, ಏಷ್ಯದವರು ಹಡಗುಗಳಲ್ಲಿ ಬಂದು ತಮ್ಮ ನೆಲವನ್ನು ಕಸಿದಾರೆಂಬ ಭಯ ಬಹಳವಿತ್ತು. 1895ರಲ್ಲಿ ಕೆನೆತ್ ಮ್ಯಾಕೆ ಅದನ್ನೇ ಕಾದಂಬರಿಯಾಗಿ ಬರೆದರು. ಹಡಗಿನಲ್ಲಿ ಬಂದು ನೆಲ ಕಸಿದುಕೊಂಡವರು ತಾವೇ ಎಂಬುದು ಅವರಿಗೆ ಹೊಳೆಯಲಿಲ್ಲವಲ್ಲ! 1788ರಲ್ಲಿ ಸಿಡ್ನಿಯ ಕೊಲ್ಲಿಗೆ ಬಂದ ಹನ್ನೊಂದು ಹಡಗುಗಳನ್ನು ದಡದಿಂದ ನೋಡಿದ ಜನರಿಗೆ, ಅನ್ಯಲೋಕದವರು ಬಂದಿಳಿಯುವ ಕಥೆ ಕಲ್ಪನೆಯಲ್ಲ, ಅಜ್ಜ ಅಜ್ಜಿಯರ ಅನುಭವ.

ಆ ಜನರ ಮಕ್ಕಳು ಮೊಮ್ಮಕ್ಕಳು ತಾವೇ ಬರೆದ ಇಂಥ ಕಥೆಗಳ ಮೊದಲ ಸಂಕಲನ 2022ರಲ್ಲಿ ಬಂದಿದೆ: ‘ದಿಸ್ ಆಲ್ ಕಮ್ ಬ್ಯಾಕ್ ನೌ’. ಸಂಪಾದಕಿ ಮೈಕೇಲಾ ಸಾಂಡರ್ಸ್, ಅವರೂ ಮೂಲನಿವಾಸಿ ಲೇಖಕಿ. ಇಕಿನ್ ಅವರ ಗ್ರಂಥವನ್ನು ಪ್ರಕಟಿಸಿದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವೇ, ನಲವತ್ತು ವರ್ಷಗಳ ತರುವಾಯ, ಇದನ್ನೂ ಪ್ರಕಟಿಸಿದೆ. ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಅಂತಿಮ ವರ್ಷದಲ್ಲಿದ್ದಾನೆ. ಮೊನ್ನೆ ಬಂದು, ಯಾವುದರಿಂದ ಮೊದಲುಮಾಡಲಿ ಸಾರ್ ಎಂದನು. ಕಾಲಾನುಕ್ರಮವಾಗಿ ಓದಬೇಕೆಂದು ಪಾಠದಲ್ಲಿ ಹೇಳುವವನು ನಾನೇ. ಆದರೂ ಈ ಕೊನೆಯದರಿಂದಲೇ ಆರಂಭಿಸು, ಬ್ಯಾಕ್ಸ್‌ಟರ್ ಆಮೇಲೆ ಆಗಲಿ ಎಂದೆ.