ಮರದ ತಗ್ಗೂ ಮರದ ಚಕ್ಕೆಯೂ

ಚಾಮರಾಜನಗರ, ಗುಂಡ್ಲುಪೇಟೆಗಳ ಹಳೆಯ ಬೀದಿಗಳಲ್ಲಿ ತೇಗ, ಹೊನ್ನೆ, ಬೀಟೆ ಮರಗಳ ಬಾಗಿಲವಾಡಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡು ಸಮೀಪವಿರುವ ಸೀಮೆಯಲ್ಲಿ ಇದೇನೂ ಆಶ್ಚರ್ಯವಲ್ಲ. ಗಾಡಿಯ ಮೂಕಿ ತಗುಲಿದುದು, ಒನಕೆ ಬಿದ್ದುದು, ಕಬ್ಬಿಣದ ಪೆಟ್ಟಿಗೆ ಬಡಿದುದು, ಇಂಥ ಎಷ್ಟೋ ಪೆಟ್ಟುಗಳ ಗುರುತು ಅವುಗಳ ಮೈಮೇಲೆ ಉಂಟು. ಮನೆಯ ಯಜಮಾನರು ಬಡಗಿಯನ್ನು ಕರೆಸಿ, ಕೀಸುಳಿಯಿಂದ ಸಮ ಮಾಡಿಸುತ್ತಾರೆ. ಒಂದು ನೂಲು ಆಳದ ತಗ್ಗಿಗಾಗಿ ಸುತ್ತಲಿನ ಮರವೆಲ್ಲ ಒಂದು ನೂಲು ಸವೆಯುತ್ತದೆ. ಅಂಚಿನ ಕೆತ್ತನೆ ಅಳಿಯುತ್ತದೆ. ಹೀಗೆ ಹೋದ ಮರ ಮತ್ತೆ ಬಾರದು. ಅನೇಕ ವೇಳೆ ಈ ನಷ್ಟ ಅನಾವಶ್ಯಕವಾದುದು.

ಏಕೆಂದರೆ ತಗ್ಗು ಬೇರೆ, ಚಕ್ಕೆ ಎದ್ದ ಗಾಯ ಬೇರೆ. ಮರವು ಉದ್ದನೆಯ ಟೊಳ್ಳು ಕೋಶಗಳ ಕಟ್ಟು. ಹುಲ್ಲುಕಡ್ಡಿಗಳ ಕಂತೆಯೊಂದನ್ನು ಊಹಿಸಿಕೊಳ್ಳಿರಿ. ಪೆಟ್ಟು ಬಿದ್ದಾಗ ಕಡ್ಡಿಗಳು ಚಪ್ಪಟೆಯಾದರೆ ಅದು ತಗ್ಗು. ಅಲ್ಲಿ ಮರವೇನೂ ಕಳೆದುಹೋಗಿಲ್ಲ, ಅದುಮಿಕೊಂಡಿದೆ, ಅಷ್ಟೆ. ಕಡ್ಡಿಗಳು ಕಡಿದು ಉದುರಿದರೆ ಅದು ಚಕ್ಕೆ. ಮೊದಲನೆಯದನ್ನು ಮೇಲಕ್ಕೆ ಎಬ್ಬಿಸಬಹುದು, ಎರಡನೆಯದನ್ನು ತುಂಬಲೇಬೇಕು.

ಕೋಶದ ಗೋಡೆಯಲ್ಲಿ ಸೆಲ್ಯುಲೋಸಿನ ಎಳೆಗಳನ್ನು ಲಿಗ್ನಿನ್ ಎಂಬ ಪದಾರ್ಥ ಬಿಗಿದಿಟ್ಟಿರುತ್ತದೆ. ನೀರು ಸೇರಿದರೆ ಗೋಡೆ ಉಬ್ಬುತ್ತದೆ. ನೀರಿನೊಡನೆ ಶಾಖವೂ ಸೇರಿದರೆ ಲಿಗ್ನಿನ್ ಮೆತ್ತಗಾಗುತ್ತದೆ. ಆಗ ಚಪ್ಪಟೆಯಾದ ಕೋಶ ತನ್ನ ಪೂರ್ವರೂಪದ ಕಡೆಗೆ ತಿರುಗುತ್ತದೆ. ಇದಕ್ಕೆ ಬೇಕಾದುದು ಒದ್ದೆ ಬಟ್ಟೆ ಮತ್ತು ಬಿಸಿಯಾದ ಇಸ್ತ್ರಿಪೆಟ್ಟಿಗೆ, ಇವೆರಡೇ. ವಾರ್ನಿಷ್ ಇದ್ದರೆ ಆ ಜಾಗದಲ್ಲಿ ಮೊದಲು ಅದನ್ನು ತೆಗೆಯಬೇಕು, ಇಲ್ಲವಾದರೆ ನೀರು ಒಳಹೋಗದು. ತಗ್ಗಿನಲ್ಲಿ ನಾಲ್ಕು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ನೆನೆಯಲು ಬಿಡಿರಿ. ಮಡಿಸಿದ ಒದ್ದೆ ಬಟ್ಟೆಯನ್ನು ಹಾಸಿ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಎಂಟು ಹತ್ತು ಸೆಕೆಂಡು ಒತ್ತಿರಿ. ಬಟ್ಟೆ ಒಣಗುವ ಮುನ್ನವೇ ತೆಗೆಯಬೇಕು, ಇಲ್ಲವಾದರೆ ಮರ ಕಂದುತ್ತದೆ. ಹೀಗೆ ಮೂರು ನಾಲ್ಕು ಸಲ ಮಾಡಿ, ಮರುದಿನದವರೆಗೆ ಒಣಗಿಸಿ, ಅನಂತರವೇ ಉಪ್ಪುಕಾಗದ ಹಿಡಿಯತಕ್ಕದ್ದು. ಪೆಟ್ಟಿಗೆಗೆ ತುಕ್ಕು ಹಿಡಿದಿರಬಾರದು. ಮರದ ಒಗರು ಅಂಶವಾದ ಟ್ಯಾನಿನ್ನಿಗೆ ಕಬ್ಬಿಣ ಸೇರಿದರೆ ಮಸಿಯಂತಹ ಕಪ್ಪು ಕಲೆ ಉಂಟಾಗುತ್ತದೆ. ತೆಳುಹಾಳೆ ಅಂಟಿಸಿದ ಪೀಠೋಪಕರಣಗಳಿಗೆ ಈ ಉಪಾಯ ಸಲ್ಲದು, ಅಂಟೇ ಬಿಟ್ಟೀತು.

ಚಕ್ಕೆ ಎದ್ದಲ್ಲಿ ಉದುರಿದ ತುಂಡು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ತೇಪೆ ಬೇರಿಲ್ಲ. ತೇಗದಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಅಂಟು ಹಚ್ಚುವ ಮುನ್ನ ಸ್ಪಿರಿಟ್ಟಿನಿಂದ ಒರೆಸಬೇಕು. ತುಂಡು ಸಿಕ್ಕದಿದ್ದರೆ ಅದೇ ಜಾತಿಯ ಹಳೆಯ ಮರದಿಂದ ತೇಪೆ ಕತ್ತರಿಸಿರಿ. ತೇಪೆಯ ನಾರು ಸುತ್ತಲಿನ ನಾರಿನ ದಿಕ್ಕಿನಲ್ಲೇ ಇರಲಿ. ಮರವು ತೇವಕ್ಕೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರ ಅತ್ಯಲ್ಪ. ನಾರು ಅಡ್ಡವಾಗಿದ್ದ ತೇಪೆ ಹಿಂಗಾರು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಚೌಕಕ್ಕಿಂತ ವಜ್ರಾಕಾರದ ತೇಪೆ ಕಣ್ಣಿಗೆ ಕಾಣುವುದು ಕಡಮೆ; ನಾರನ್ನು ನೇರ ಅಡ್ಡ ಕತ್ತರಿಸುವ ಗೆರೆ ಅದರಲ್ಲಿಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುವ ರೂಢಿಯೂ ಉಂಟು. ಸೂಜಿಮೊನೆಯಷ್ಟು ತೂತಿಗೆ ಅದು ಸಾಕು. ದೊಡ್ಡ ಗಾಯದಲ್ಲಿ ಒಣಗಿದ ಮೇಲೆ ಸುತ್ತಲಿನ ಮರಕ್ಕಿಂತ ಕಪ್ಪಾಗಿ ತೋರುತ್ತದೆ.

ಮನೆಯ ಒಳಗಿನ ಸಣ್ಣ ಗಾಯಕ್ಕೆ ಕರಗಿಸಿದ ಅರಗು ಚೆನ್ನಾಗಿ ಹೊಂದುತ್ತದೆ. ಆದರೆ ಮಳೆಗೆ ಮೈಯೊಡ್ಡುವ ಹೊಸ್ತಿಲಿಗಾಗಲಿ, ಕರಾವಳಿಯ ದೋಣಿಯ ಅಂಚುಪಟ್ಟಿಗಾಗಲಿ ಅದು ತಕ್ಕುದಲ್ಲ. ನೀರು ನಿಂತರೆ ಅರಗಿನ ಲೇಪ ಬಿಳಿಚುತ್ತದೆ. ಅಲ್ಲಿ ಎಪಾಕ್ಸಿ ಅಂಟು, ಅದರ ಮೇಲೆ ಬಿಸಿಲು ತಾಳುವ ವಾರ್ನಿಷ್ ಬೇಕು. ದೋಣಿಯವರು ಸಣ್ಣ ಚಕ್ಕೆಯನ್ನೂ ಕಡೆಗಣಿಸದಿರುವುದಕ್ಕೆ ಕಾರಣವುಂಟು. ಲೇಪ ಹರಿದ ಬಾಯಿಂದ ನೀರು ಇಳಿದು, ಮರದ ತೇವಾಂಶ ನೂರಕ್ಕೆ 20ನ್ನು ಮೀರಿ ಹಾಗೆಯೇ ನಿಂತರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿಯಾಗುತ್ತದೆ.

ಗುಂಡ್ಲುಪೇಟೆಯಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಹೊನ್ನೆಯ ಹೊಸ್ತಿಲಿನಲ್ಲಿ ಒನಕೆಯ ಪೆಟ್ಟಿನ ತಗ್ಗೊಂದಿತ್ತು. ನೀರು, ಬಟ್ಟೆ, ಇಸ್ತ್ರಿಪೆಟ್ಟಿಗೆಗಳೊಡನೆ ಒಂದು ಮಧ್ಯಾಹ್ನ ಕುಳಿತೆವು. ಮೊದಲ ಮೂರು ಸಲಕ್ಕೆ ಮರ ಕಣ್ಣೆದುರಿಗೇ ಮೇಲೆದ್ದಿತು. ನಾಲ್ಕನೆಯ ಸಲಕ್ಕೆ ಏಳಲಿಲ್ಲ. ನಡುವೆ ಕೆಲವು ನಾರು ತುಂಡಾಗಿದ್ದಿರಬೇಕು. ಉಳಿದ ಕಾಲು ನೂಲು ತಗ್ಗನ್ನು ಕೀಸಲು ಮನೆಯ ಅಜ್ಜಿ ಒಪ್ಪಲಿಲ್ಲ; ಅದು ಹಾಗೆಯೇ ಇದೆ.