ಒಂದು ರೈಲು ಮಾರ್ಗ, ಮೂರು ಪಾಠ: ರಜೆಯಲ್ಲಿ ನೋಡುವುದು, ಓದುವುದು, ಕೇಳುವುದು



ಬೇಸಿಗೆ ರಜೆ ಬಂತೆಂದರೆ ಪ್ರವಾಸದ ಮಾತು ಶುರುವಾಗುತ್ತದೆ. ಕೋಟೆ, ಜಲಪಾತ, ಸಮುದ್ರ ತೀರ, ಮೊಬೈಲು ತುಂಬ ಫೋಟೊ. ಅದರಲ್ಲಿ ತಪ್ಪೇನಿಲ್ಲ. ಆದರೆ ಹೆಚ್ಚು ಹಣವಿಲ್ಲದೆಯೂ ಬಹಳಷ್ಟು ಕಲಿಸುವ ಇನ್ನೊಂದು ಬಗೆಯ ಪ್ರವಾಸವಿದೆ. ಬೀದಿಯ ಕಲೆ ನೋಡುವುದು, ಊರಿನ ಪುಸ್ತಕದಂಗಡಿಗೆ ಹೋಗುವುದು, ಎದುರಿಗೇ ಕುಳಿತು ಸಂಗೀತ ಕೇಳುವುದು. "ಅದೆಲ್ಲ ತಿಳಿದವರಿಗೆ, ನಮ್ಮಂಥವರಿಗಲ್ಲ" ಎಂದು ನಿಮ್ಮಲ್ಲಿ ಹಲವರು ಹೇಳುವುದುಂಟು. ಆ ಮಾತು ಸರಿಯೇ ಎಂದು ಪರೀಕ್ಷಿಸುವುದೇ ಈ ಪಾಠದ ಉದ್ದೇಶ.

ಇದಕ್ಕಾಗಿ ಒಂದು ರೈಲು ಮಾರ್ಗವನ್ನು ಆರಿಸಿಕೊಳ್ಳೋಣ. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ದಾಟಿ ಮಹಾರಾಷ್ಟ್ರದ ಮಿರಜ್ ಸೇರುವ ಮಾರ್ಗ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಓಡುವುದು ಇದರಲ್ಲೇ. ಬೆಂಗಳೂರು, ಧಾರವಾಡ, ಮಿರಜ್: ಮೂರು ನಿಲ್ದಾಣ, ಮೂರು ಪಾಠ.

ಪಾಠ 1: ಬೆಂಗಳೂರು – ಬೀದಿಯ ಕಲೆಯನ್ನು ನೋಡುವುದು

ಗ್ಯಾಲರಿಯಲ್ಲಿರುವ ಚಿತ್ರವನ್ನು ನೋಡಲು ನಾವು ಅಲ್ಲಿಗೆ ಹೋಗಬೇಕು. ಬೀದಿಯ ಕಲೆ ನಾವಿದ್ದಲ್ಲಿಗೇ ಬರುತ್ತದೆ. ಅದರ ಅರ್ಥದ ಅರ್ಧ ಭಾಗ ಅದು ಇರುವ ಜಾಗದಲ್ಲೇ ಇರುತ್ತದೆ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಅವರ ಎರಡು ಕೃತಿಗಳು ಇದಕ್ಕೆ ಒಳ್ಳೆಯ ಉದಾಹರಣೆ.

2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿದ್ದ ದೊಡ್ಡ ಗುಂಡಿಗೆ ಅವರು ಕೊಳದ ಬಣ್ಣ ಬಳಿದು, ಅದರಲ್ಲಿ ಫೈಬರಿನ ಮೊಸಳೆಯೊಂದನ್ನು ಇಟ್ಟರು. ಜನ ನಿಂತು ನೋಡಿದರು, ಪತ್ರಿಕೆಗಳಲ್ಲಿ ಚಿತ್ರ ಬಂತು, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ಸುದ್ದಿ ಎಲ್ಲೆಡೆ ಇದ್ದ ದಿನಗಳಲ್ಲಿ, ಹೇರೋಹಳ್ಳಿ ಕಡೆಯ ರಸ್ತೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ನಟರೊಬ್ಬರು ನಿಧಾನವಾಗಿ ನಡೆಯುವ ವಿಡಿಯೊ ಮಾಡಿದರು. ಮೊದಲು ಅದು ಚಂದ್ರನ ನೆಲದಂತೆಯೇ ಕಾಣುತ್ತದೆ. ಪಕ್ಕದಲ್ಲಿ ಆಟೊ ಹಾದುಹೋದಾಗ ನಮಗೆ ನಿಜ ತಿಳಿಯುತ್ತದೆ. ಆ ರಸ್ತೆಗೂ ದುರಸ್ತಿ ಬಂತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಎರಡರಲ್ಲೂ ಬೈಗುಳವಿಲ್ಲ, ಘೋಷಣೆಯಿಲ್ಲ. ಇರುವುದನ್ನು ಇದ್ದಂತೆಯೇ ಬಳಸಿ, ನೋಡುವವನು ತಾನೇ ಪ್ರಶ್ನೆ ಕೇಳಿಕೊಳ್ಳುವಂತೆ ಮಾಡಲಾಗಿದೆ. ಆ ಮೊಸಳೆಯನ್ನೇ ತಂದು ಸಭಾಂಗಣದಲ್ಲಿ ಇಟ್ಟರೆ ಅದು ಬರೀ ಆಟಿಕೆ.

ಬೀದಿಯ ಗೋಡೆಗಳ ಮುಂದೆ ನಿಂತಾಗ ನಾಲ್ಕು ಪ್ರಶ್ನೆ ಕೇಳಿ: ಇದನ್ನು ಇಲ್ಲೇ ಏಕೆ ಮಾಡಿದ್ದಾರೆ? ಯಾರು ನೋಡಲಿ ಎಂದು? ಹಣ ಯಾರದು, ಅನುಮತಿ ಯಾರದು? ಇದು ಏನನ್ನಾದರೂ ಕೇಳುತ್ತಿದೆಯೇ, ಅಥವಾ ಗೋಡೆಯನ್ನು ಚಂದ ಮಾಡಿದೆಯಷ್ಟೇ? ಒಂದು ಎಚ್ಚರಿಕೆಯೂ ಇರಲಿ. ತೆರೆದ ಸ್ಥಳಗಳ ವಿರೂಪಣೆಯನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಿಂದ ಇದೆ. ಅನುಮತಿಯಿಲ್ಲದೆ ಗೋಡೆಯ ಮೇಲೆ ಹೆಸರು ಗೀಚುವುದು ಕಲೆಯಲ್ಲ.

ಪಾಠ 2: ಧಾರವಾಡ – ಪುಸ್ತಕದಂಗಡಿಯಲ್ಲಿ ಹುಡುಕುವುದು

ಆನ್‌ಲೈನಿನಲ್ಲಿ ನಮಗೆ ಬೇಕೆಂದು ಗೊತ್ತಿರುವ ಪುಸ್ತಕ ಸಿಗುತ್ತದೆ. ಅಂಗಡಿಯಲ್ಲಿ, ನಮಗೆ ಬೇಕೆಂದು ಗೊತ್ತೇ ಇಲ್ಲದ ಪುಸ್ತಕ ಸಿಗುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು. ಬೆಂಗಳೂರಿನಲ್ಲಿ 1945ರಲ್ಲಿ ಶುರುವಾದ ಸೆಲೆಕ್ಟ್ ಬುಕ್‌ಶಾಪ್, ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮತ್ತು ಬುಕ್‌ವರ್ಮ್ ಅಂಗಡಿಗಳಲ್ಲಿ ಹಳೆಯ ಪುಸ್ತಕಗಳೂ ದೊರೆಯುತ್ತವೆ. ಒಳಗೆ ಹೋಗಿ ತಿರುವಿ ನೋಡುವುದಕ್ಕೆ ಶುಲ್ಕವಿಲ್ಲ.

ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲಾ ಇನ್ನೊಂದು ಪಾಠ ಹೇಳುತ್ತದೆ. ಜಿ. ಬಿ. ಜೋಶಿ ಅವರು 1933ರಲ್ಲಿ ಆರಂಭಿಸಿದ ಈ ಪ್ರಕಾಶನ ಚಂದಾದಾರರನ್ನು ನಂಬಿ ಬೆಳೆದದ್ದು. ಓದುಗರು ಮೊದಲೇ ಹಣ ಕೊಡುತ್ತಿದ್ದರು, ಪುಸ್ತಕ ಆಮೇಲೆ ಬರುತ್ತಿತ್ತು. ಇದರ ಕಚೇರಿಯನ್ನು ಜನ "ಅಟ್ಟ" ಎಂದೇ ಕರೆಯುತ್ತಾರೆ. ಕೀರ್ತಿನಾಥ ಕುರ್ತಕೋಟಿ ಅವರಂಥ ವಿಮರ್ಶಕರು ಅಲ್ಲಿ ಕುಳಿತು ಹಸ್ತಪ್ರತಿಗಳನ್ನು ಓದಿದರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಪ್ರಕಟವಾದದ್ದು ಇಲ್ಲಿಂದಲೇ. ಆಗ ಅವರ ವಯಸ್ಸು ಇಪ್ಪತ್ತಮೂರು. ಹೆಸರಿಲ್ಲದ ತರುಣನ ಕೃತಿ ಅಚ್ಚಾಗಬೇಕಾದರೆ, ಹೆಸರು ಕೇಳದೆ ಕೊಳ್ಳುವ ಓದುಗರೂ ಇರಬೇಕಲ್ಲವೇ?

ಇದು ಇಂದಿಗೂ ಅನ್ವಯಿಸುತ್ತದೆ. ಊರಿನ ಅಂಗಡಿಯಲ್ಲಿ ಪುಸ್ತಕದ ಚಿತ್ರ ತೆಗೆದುಕೊಂಡು, ಹೊರಗೆ ಬಂದು ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಕೆಲವು ರೂಪಾಯಿ ಉಳಿಯಬಹುದು, ಅಂಗಡಿ ಉಳಿಯುವುದಿಲ್ಲ. ಹತ್ತು ಪುಸ್ತಕ ತಿರುವಿ ನೋಡಿ, ಒಂದನ್ನಾದರೂ ಅಲ್ಲೇ ಕೊಳ್ಳಿ. ಹುಡುಕಲು ಎರಡು ಹೆಸರು ಕೊಡುತ್ತೇನೆ: ಮಲ್ಲಿಕಾರ್ಜುನ ಮನಸೂರರ 'ನನ್ನ ರಸಯಾತ್ರೆ', ಗಂಗೂಬಾಯಿ ಹಾನಗಲ್ಲರ 'ನನ್ನ ಬದುಕಿನ ಹಾಡು'. ಎರಡೂ ಆತ್ಮಕಥೆಗಳು. ಮುಂದಿನ ಪಾಠಕ್ಕೆ ಇವೇ ಪಠ್ಯ.

ಪಾಠ 3: ಮಿರಜ್‌ವರೆಗೆ – ಸಂಗೀತ ಕೇಳುವುದು

ಬೇಸಿಗೆಯಲ್ಲಿ ಸಂಗೀತ ಕೇಳಲು ಬೆಂಗಳೂರಿನಲ್ಲೇ ಅವಕಾಶವಿದೆ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ 1939ರಿಂದ ನಡೆದುಕೊಂಡು ಬಂದಿದೆ. ಮೊದಲ ಬಾರಿ ಹೋಗುವವರು ಎಲ್ಲವೂ ಅರ್ಥವಾಗಬೇಕೆಂದು ಹಟ ಹಿಡಿಯಬೇಡಿ. ಮೊದಲ ಹತ್ತು ನಿಮಿಷ ಹಿಂದಿನ ತಂಬೂರಿಯ ನಾದವನ್ನು ಮಾತ್ರ ಕೇಳಿ. ಗಾಯಕರು ಎಲ್ಲಿಗೇ ಹೋದರೂ ಮರಳಿ ಬರುವ ಮನೆ ಅದು.

ಆ ತಂಬೂರಿ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿದರೆ ಮಿರಜ್ ತಲುಪುತ್ತೇವೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಕತ್ತಿ ಮತ್ತಿತರ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಕುಟುಂಬಗಳು ವಾದ್ಯ ತಯಾರಿಕೆಗೆ ತಿರುಗಿದವು. ಆಯುಧಗಳಿಗೆ ಬೇಡಿಕೆ ಹೋಯಿತು, ಕೈಯ ನಿಪುಣತೆ ಉಳಿಯಿತು. ಫರೀದ್‌ಸಾಹೇಬ್ ಎಂಬವರು ಈ ಪರಂಪರೆಯ ಮೊದಲಿಗರಲ್ಲಿ ಒಬ್ಬರು. ಒಣಗಿಸಿದ ದೊಡ್ಡ ಸೋರೆಬುರುಡೆ, ಮರದ ದಂಡ, ನಾಲ್ಕು ತಂತಿ: ನೋಡಲು ಇಷ್ಟೇ. ಕಷ್ಟದ ಕೆಲಸ ಇರುವುದು ಕುದುರೆಯಲ್ಲಿ, ಅಂದರೆ ತಂತಿ ಹಾದುಹೋಗುವ ಅಗಲವಾದ ಸೇತುವೆಯಲ್ಲಿ. ಅದರ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿಯ ಕೆಳಗೆ ದಾರ ಸೇರಿಸಿ 'ಜವಾರಿ' ತರುತ್ತಾರೆ. ಮಿರಜಿನ ಸಿತಾರ್ ಮತ್ತು ತಾನ್‌ಪುರಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ವಿಜ್ಞಾನ ವಿಭಾಗದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ತಂತಿಯನ್ನು ಒಂದು ಸಂನಾದದ ನಿಷ್ಪಂದ ಬಿಂದುವಿನಲ್ಲಿ ಮೀಟಿದರೆ ಆ ಸಂನಾದ ಕೇಳಿಸಬಾರದು ಎಂಬುದು ಯಂಗ್–ಹೆಲ್ಮ್‌ಹೋಲ್ಟ್ಸ್ ನಿಯಮ. ಆದರೆ ತಂಬೂರಿ ಮತ್ತು ವೀಣೆಯಲ್ಲಿ ಅದು ಕೇಳಿಸುತ್ತದೆ! ಕಾರಣ ಆ ಬಾಗಿದ ಸೇತುವೆ ಎಂದು ಸರ್ ಸಿ. ವಿ. ರಾಮನ್ 1921ರಲ್ಲಿ ಬರೆದರು. ಕುಶಲಕರ್ಮಿಯ ಕಿವಿಗೆ ಗೊತ್ತಿದ್ದುದನ್ನು ಭೌತಶಾಸ್ತ್ರ ಆಮೇಲೆ ವಿವರಿಸಿತು.

ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ್ದು ಮಿರಜಿನಲ್ಲಿ. ಮೈಸೂರು ಅರಮನೆಗೆ ಹೋಗಿಬರುವಾಗ ಹುಬ್ಬಳ್ಳಿ–ಧಾರವಾಡ ಭಾಗದಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ 'ಸವಾಯಿ ಗಂಧರ್ವ'ರಾದರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಮನಸೂರರು ಕಲಿತದ್ದು ಮಂಜೀ ಖಾನ್, ಬುರ್ಜೀ ಖಾನ್ ಸಹೋದರರಿಂದ. ಉಸ್ತಾದ್ ರಹಿಮತ್ ಖಾನ್ ಧಾರವಾಡದಲ್ಲಿ ನೆಲೆಸಿ ಸಿತಾರ್ ಪರಂಪರೆಯನ್ನು ಬೆಳೆಸಿದರು. 1937ರಲ್ಲಿ ತಮಿಳುನಾಡಿನ ಸಣ್ಣ ರೈಲು ನಿಲ್ದಾಣವೊಂದರಲ್ಲಿ ಅಬ್ದುಲ್ ಕರೀಂ ಖಾನ್ ಕೊನೆಯುಸಿರೆಳೆದರು. ಮಿರಜಿನ ಹಜರತ್ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಅಲ್ಲಿನ ಉರೂಸಿನಲ್ಲಿ ಅವರ ನೆನಪಿಗೆ ಎಲ್ಲ ಸಮುದಾಯದ ಕಲಾವಿದರೂ ಬಂದು ಹಾಡುತ್ತಾರೆ.

ಈಗ ಮೊದಲ ಮಾತಿಗೆ ಉತ್ತರ ಕೊಡಬಹುದು. ಸಾಣೆ ಹಿಡಿಯುವವರ ಮಕ್ಕಳು ವಾದ್ಯ ಮಾಡಿದರು. ಹೆಣ್ಣುಮಕ್ಕಳು ವೇದಿಕೆಯ ಮೇಲೆ ಹಾಡುವುದನ್ನು ಸಮಾಜ ಮೆಚ್ಚದಿದ್ದ ಕಾಲದಲ್ಲಿ ಗಂಗೂಬಾಯಿ ಹಾಡಿದರು. "ನಮ್ಮಂಥವರಿಗಲ್ಲ" ಎನ್ನುವ ಮಾತಿಗೆ ಇತಿಹಾಸದಲ್ಲಿ ಆಧಾರವಿಲ್ಲ.

ಚಟುವಟಿಕೆಗಳು

1. ದೂರ ಹೋಗಲಾಗದವರು ನಿಮ್ಮ ಊರಿನಲ್ಲೇ ಒಂದು ಗೋಡೆಚಿತ್ರವನ್ನು ಆರಿಸಿ, ಮೇಲಿನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
2. ಹತ್ತಿರದ ಪುಸ್ತಕದಂಗಡಿಯವರನ್ನು ಮಾತನಾಡಿಸಿ: ಯಾವ ಪುಸ್ತಕ ಹೆಚ್ಚು ಹೋಗುತ್ತದೆ, ಯಾವುದನ್ನು ಈಗ ಯಾರೂ ಕೇಳುವುದಿಲ್ಲ?
3. ಯಾವುದೇ ಕಾರ್ಯಕ್ರಮವನ್ನು ಅರ್ಧ ಗಂಟೆ ಫೋನು ಮುಟ್ಟದೆ ಕೇಳಿ. ಕೇಳಿಸಿದ ಐದು ಸಂಗತಿಗಳನ್ನು ಪಟ್ಟಿ ಮಾಡಿ.
4. ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಕೈಕೆಲಸ ಬಲ್ಲ ಹಿರಿಯರು ಇದ್ದಾರೆಯೇ? ಆ ವಿದ್ಯೆಯನ್ನು ಅವರಿಂದ ಯಾರು ಕಲಿಯುತ್ತಿದ್ದಾರೆ ಎಂದು ವಿಚಾರಿಸಿ.

ಉತ್ತರಗಳನ್ನು ಎರಡು ಪುಟ ಮೀರದಂತೆ ಬರೆದು, ತರಗತಿಗಳು ಆರಂಭವಾದ ಮೊದಲ ವಾರ ಕನ್ನಡ ವಿಭಾಗಕ್ಕೆ ತಲುಪಿಸಿ. ಹೊರಡುವ ಮುನ್ನ ಮನೆಯವರಿಗೆ ಹೇಳಿ, ಕಾರ್ಯಕ್ರಮದ ದಿನಾಂಕ ಖಚಿತಪಡಿಸಿಕೊಂಡು, ನೀರಿನ ಬಾಟಲಿ ಮತ್ತು ಒಂದು ಸಣ್ಣ ನೋಟ್‌ಬುಕ್ ಜೊತೆಗಿಟ್ಟುಕೊಳ್ಳಿ.