ಮೌಸ್ ಪ್ಯಾಡ್: ಮೊದಲು ಅಳತೆ, ಆಮೇಲೆ ಅಂಗಡಿ

ಕಂಪ್ಯೂಟರ್ ಗೇಮ್ ಹೊಸದಾಗಿ ಹಿಡಿದ ಮಕ್ಕಳು ಮೊದಲು ಆಸೆಪಡುವುದು ದುಬಾರಿ ಮೌಸಿಗೆ. ಪ್ಯಾಡಿನ ವಿಚಾರಕ್ಕೆ ಬಂದರೆ ಅಂಗಡಿಯವರು ಕೈಗಿಟ್ಟದ್ದೇ ಪ್ಯಾಡ್. ಕುವೈತಿನ ಎಗೈಲಾದಲ್ಲಿ, ಪಕ್ಕದ ಮಂಗಾಫ್, ಮಹಬೂಲಾ, ಫಹಾಹೀಲ್‌ಗಳಲ್ಲಿ ಇರುವ ನಮ್ಮವರಿಗೆ ನಾನು ಹೇಳುವುದಿಷ್ಟೇ: ಮೌಸ್ ಸಾಧಾರಣದ್ದಿರಲಿ, ಪ್ಯಾಡನ್ನು ಮಾತ್ರ ಯೋಚಿಸಿ ಕೊಳ್ಳಿ.

ಈಗಿನ ಮೌಸಿನ ಹೊಟ್ಟೆಯೊಳಗೆ ಪುಟ್ಟ ಕ್ಯಾಮೆರಾ ಇದೆ. ಅದು ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು, ಒಂದನ್ನು ಮುಂದಿನದರ ಜೊತೆ ಹೋಲಿಸಿ, ಕೈ ಯಾವ ಕಡೆ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಹೋಲಿಸಲು ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಬ್ಬುತಗ್ಗುಗಳು ಕಾಣಿಸಬೇಕು. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲ್ಲಿಮೌಸ್ ಎಕ್ಸ್‌ಪ್ಲೋರರ್ ಬಂದು, ಹಳೆ ಮೌಸಿನ ಅಡಿಯಲ್ಲಿ ಉರುಳುತ್ತಿದ್ದ ಉಂಡೆ ಮಾಯವಾದ ಮೇಲೆ, ಇನ್ನು ಪ್ಯಾಡ್ ಯಾಕೆ ಎಂದು ಅನೇಕರಿಗೆ ಅನಿಸಿದ್ದುಂಟು. ಪತ್ರ ಬರೆಯಲು, ಲೆಕ್ಕ ನೋಡಲು ಆ ಮಾತು ಸರಿಯೇ. ಆದರೆ ಗಾಜಿನ ಮೇಜಿನ ಮೇಲೆ ಅದೇ ಮೌಸ್ ತಡವರಿಸುತ್ತದೆ. ಗೇಮಿನಲ್ಲಿ ಗುರಿಯಿಟ್ಟ ಕ್ಷಣದಲ್ಲಿ ಹಾಗಾದರೆ ಆಟ ಮುಗಿದಂತೆ.

ಎಷ್ಟು ದೊಡ್ಡ ಪ್ಯಾಡ್ ಬೇಕು? ಅದನ್ನು ಮನೆಯಲ್ಲೇ ಅಳೆದು ನೋಡಿ. ಮೊದಲು ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿರುವ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಆಯ್ಕೆಯನ್ನು ತೆಗೆದುಹಾಕಿ. ಅದಿದ್ದರೆ ಕೆಲವು ಗೇಮ್‌ಗಳಲ್ಲಿ ಕೈಯ ವೇಗಕ್ಕೆ ತಕ್ಕಂತೆ ದೂರದ ಲೆಕ್ಕವೂ ಬದಲಾಗುತ್ತದೆ, ಕೈಗೆ ರೂಢಿಯೇ ಆಗುವುದಿಲ್ಲ. ಆಮೇಲೆ ಗೇಮಿನ ಅಭ್ಯಾಸದ ಮೈದಾನಕ್ಕೆ ಹೋಗಿ, ಎದುರಿನ ಗೋಡೆಯ ಮೇಲೆ ಒಂದು ಗುರುತು ಹಿಡಿದು ನಿಲ್ಲಿ. ಮೌಸಿನ ಎಡ ಅಂಚಿಗೆ ಮೇಜಿನ ಮೇಲೆ ಟೇಪಿನ ತುಂಡು ಅಂಟಿಸಿ. ಪೂರ್ತಿ ಒಂದು ಸುತ್ತು ತಿರುಗಿ ಅದೇ ಗುರುತು ಮತ್ತೆ ಎದುರಾಗುವವರೆಗೆ ಮೌಸನ್ನು ಬಲಕ್ಕೆ ಎಳೆಯಿರಿ. ಜಾಗ ಸಾಲದಿದ್ದರೆ ಮೌಸ್ ಎತ್ತಿ ಹಿಂದಕ್ಕಿಟ್ಟು ಮುಂದುವರಿಸಿ; ಎಳೆದ ದೂರಗಳನ್ನಷ್ಟೇ ಕೂಡಿಸಿಕೊಳ್ಳಿ.

ವ್ಯಾಲೊರಂಟ್ ಎಂಬ ಶೂಟಿಂಗ್ ಗೇಮಿನಲ್ಲಿ, ಮೌಸಿಗೆ 800 ಡಿಪಿಐ, ಗೇಮಿನೊಳಗೆ 0.4 ಸೆನ್ಸಿಟಿವಿಟಿ ಇಟ್ಟುಕೊಂಡರೆ ಈ ದೂರ ಸುಮಾರು 41 ಸೆಂಟಿಮೀಟರ್. ಅಂದರೆ ಬೆನ್ನ ಹಿಂದೆ ಬಂದವನತ್ತ ತಿರುಗಲು 20 ಸೆಂಟಿಮೀಟರಿಗೂ ಹೆಚ್ಚು ಜಾಗ ಬೇಕು. ಕಚೇರಿಯಲ್ಲಿ ಸಿಗುವ ಅಂಗೈಯಗಲದ ಪ್ಯಾಡಿನಲ್ಲಿ ಅಷ್ಟರಲ್ಲಿ ಮೌಸ್ ಅಂಚು ದಾಟಿ ಕೆಳಗಿಳಿದಿರುತ್ತದೆ. ಇಂಥವರು 45 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಪ್ಯಾಡ್ ತೆಗೆದುಕೊಳ್ಳಲಿ. ಕೀಬೋರ್ಡ್ ಅಡಿಗೂ ಹರಡುವ 90 ಸೆಂಟಿಮೀಟರಿನದು ನೋಡಲು ಚೆಂದ, ಆದರೆ ತೊಳೆಯುವ ದಿನ ಕಷ್ಟ.

ಇನ್ನು ಬಟ್ಟೆಯದೋ ಗಟ್ಟಿಯದೋ? ಪ್ಲಾಸ್ಟಿಕ್ಕಿನ ಅಥವಾ ನವಿರಾಗಿ ಒರಟು ಮಾಡಿದ ಗಾಜಿನ ಪ್ಯಾಡ್ ಮೇಲೆ ಮೌಸ್, ಪೌಡರ್ ಹಾಕಿದ ಕೇರಂ ಬೋರ್ಡಿನ ಕಾಯಿಯಂತೆ ಓಡುತ್ತದೆ. ಓಡಿಸುವುದು ಸುಲಭ, ಬೇಕಾದಲ್ಲಿ ನಿಲ್ಲಿಸುವುದು ಕಷ್ಟ. ಬಟ್ಟೆಯ ಪ್ಯಾಡಿನಲ್ಲಿ ಕೆಳಗೆ ರಬ್ಬರ್, ಮೇಲೆ ನೇಯ್ದ ಪಾಲಿಯೆಸ್ಟರ್; ಅದು ಮೌಸನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಕಲಿಯುವ ಕೈಗೆ ಆ ಹಿಡಿತ ಬೇಕು. ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋದಾಗ ತೆರೆದಿಟ್ಟ ಪ್ಯಾಡ್ ಇದ್ದರೆ, ಮೌಸನ್ನು ಒಂದೇ ಬೆರಳಲ್ಲಿ ಮೆಲ್ಲಗೆ ತಳ್ಳಿ. ಹೊರಡುವಾಗ ಅಂಟಿಕೊಂಡು ಆಮೇಲೆ ಜಿಗಿದರೆ ಅದು ಬೇಡ. ಅಂಚಿನ ಹೊಲಿಗೆ ಮೇಲ್ಮೈಗಿಂತ ಎತ್ತರವಿದ್ದರೂ ಬೇಡ, ಮಣಿಕಟ್ಟು ಉಜ್ಜುತ್ತದೆ. ದಪ್ಪ 3 ಅಥವಾ 4 ಮಿಲಿಮೀಟರ್ ಇದ್ದರೆ ಸಾಕು.

ಕುವೈತಿನಲ್ಲಿ ಬಟ್ಟೆಯನ್ನೇ ಆರಿಸಿದರೆ ಧೂಳಿನ ಯೋಚನೆ ಬಿಡುವಂತಿಲ್ಲ. ಧೂಳುಗಾಳಿ ಎದ್ದ ದಿನ ಕಿಟಕಿ ಎಷ್ಟು ಬಿಗಿಯಾಗಿ ಮುಚ್ಚಿದ್ದರೂ ಸಂಜೆಗೆ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಆ ನುಣ್ಣನೆಯ ಮರಳು ನೇಯ್ಗೆಯೊಳಗೆ ಇಳಿದು ಮೌಸಿನ ಅಡಿಯ ಪಾದಗಳನ್ನು ಗೀರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಮುದ್ರದ ಕಡೆಯಿಂದ ತೇವ ಬಂದಾಗ, ಎಸಿ ಆರಿಸಿದ ಕೋಣೆಯಲ್ಲಿ ಅದೇ ಪ್ಯಾಡಿನ ಮೇಲೆ ಮೌಸಿನ ಓಟ ಮಂದವಾಗುತ್ತದೆ. ಆಟ ಮುಗಿದ ಮೇಲೆ ಮೇಲೊಂದು ಬಟ್ಟೆ ಹೊದಿಸಿಡಿ, ಅದಕ್ಕೇನೂ ಖರ್ಚಿಲ್ಲ.

ತೊಳೆಯುವಾಗ ಬೇಸಿಗೆಯಲ್ಲಿ ನಲ್ಲಿಯ ನೀರನ್ನು ನೇರ ಬಿಡಬೇಡಿ. ತಾರಸಿಯ ಟ್ಯಾಂಕಿನಿಂದ ಅದು ಕೈ ಸುಡುವಷ್ಟು ಕಾದು ಬರುತ್ತದೆ, ಬಟ್ಟೆ ಮತ್ತು ರಬ್ಬರ್ ನಡುವಿನ ಅಂಟು ಬಿಡುತ್ತದೆ. ಬಕೆಟ್‌ನಲ್ಲಿ ಹಿಡಿದು ಆರಲು ಬಿಡಿ. ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ, ಮೆತ್ತನೆ ಬ್ರಷ್. ಮೌಸ್ ಹೆಚ್ಚು ಓಡಾಡುವ ನಡುಭಾಗದಲ್ಲಿ ಬೆವರಿನ ಜಿಡ್ಡು ಕಪ್ಪಾಗಿ ಏಳುವುದು ಕಾಣುತ್ತದೆ. ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ, ಟವೆಲ್‌ನಲ್ಲಿ ಒತ್ತಿ, ಹಿಂಡದೆ ನೆರಳಲ್ಲಿ ಹರಡಿ. ಬಾಲ್ಕನಿಯ ಬಿಸಿಲು ರಬ್ಬರನ್ನು ಬಿರುಕು ಬಿಡಿಸುತ್ತದೆ. ಪೂರ್ತಿ ಒಣಗದೆ ಮೇಜಿಗೆ ಹಾಸಬೇಡಿ.

ತೊಳೆದರೂ ನಡುಭಾಗ ಅಂಚಿಗಿಂತ ನುಣುಪಾಗಿ, ಮೌಸ್ ಅಲ್ಲಿ ಮಾತ್ರ ಬೇರೆ ರೀತಿ ಓಡತೊಡಗಿದರೆ ಪ್ಯಾಡ್ ಸವೆದಿದೆ. ತಕ್ಷಣ ಎಸೆಯಬೇಡಿ. ಕೀಬೋರ್ಡ್ ಅಡಿಗೂ ಹರಡುವ ದೊಡ್ಡ ಪ್ಯಾಡ್ ಆಗಿದ್ದರೆ ಅರ್ಧ ಸುತ್ತು ತಿರುಗಿಸಿ ಹಾಸಿ, ಇಷ್ಟು ದಿನ ಕೈ ತಾಗದ ಮೂಲೆ ಬಲಗೈಯ ಕೆಳಗೆ ಬರುತ್ತದೆ.